ಸುರಿಯುವ ಕೆಲಸ

ಸಮಿತ್ ಬಾಟಲಿಯ ಮುಚ್ಚಳ ತೆಗೆದು, ಕಸದ ಡ್ರಮ್ಮಿನಲ್ಲಿ ಬಿದ್ದಿದ್ದ ಬರ್ಗರುಗಳ ಮೇಲೆ ನೆಲ ಒರೆಸುವ ಫಿನಾಯಿಲ್ ಸುರಿದ. ಪಕ್ಕದಲ್ಲಿ ಒರೆಸುವ ಬಟ್ಟೆ ಹಿಂಡುತ್ತಿದ್ದ ಮರಗಮ್ಮ ತಲೆಯೆತ್ತಿದಳು. ಹೊತ್ತು ಮೀರಿದ ಬರ್ಗರುಗಳನ್ನು ಬಿಸಿ ಆರುವ ಮೊದಲೇ ಡ್ರಮ್ಮಿಗೆ ಹಾಕುವುದನ್ನು ಅವಳು ಈ ಅಂಗಡಿಗೆ ಬಂದಾಗಿನಿಂದ ನೋಡಿದ್ದಳು. ಹೀಗೆ ಸುರಿದದ್ದನ್ನು ನೋಡಿರಲಿಲ್ಲ. ಇದ್ಯಾಕೆ ಎಂದು ಕೇಳಿದಳು.

"ಮೇಲಿಂದ ಆರ್ಡರ್ ಬಂದದ್ದು ಮೌಶಿ," ಎಂದ ಸಮಿತ್. ಮರಾಠಿ ಊರಿನ ರೂಢಿಯಂತೆ ಅವಳನ್ನು ಮೌಶಿ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದ. ಉಡುಪಿ ಕಡೆಯವರ ಮಗ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು, ಈಗ ಕಲ್ಯಾಣದ ಈ ಬರ್ಗರ್ ಅಂಗಡಿಯ ಮ್ಯಾನೇಜರ್. ಹಿಂದಿನ ಗಲ್ಲಿಯವರು ಡ್ರಮ್ಮಿನಿಂದ ಹೆಕ್ಕಿ ತಿನ್ನುತ್ತಾರಂತೆ, ತಿಂದವರಿಗೆ ಹೆಚ್ಚುಕಡಿಮೆಯಾದರೆ ಕಂಪನಿಯ ಹೆಸರು ಹಾಳಂತೆ, ಪುಕ್ಕಟೆ ಸಿಗುವುದನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲವಂತೆ. ತನಗೆ ಹೇಳಿದ್ದನ್ನೇ ಅವನು ಪಾಠದಂತೆ ಒಪ್ಪಿಸಿದ. ಆಮೇಲೆ ಅಂದ: "ಬೆಳಗ್ಗೆಯದಕ್ಕೂ ನಾನೇ ಹಾಕಿದೆ. ನೀವು ಆಗ ಬಾತ್ರೂಮ್ ತೊಳೀಲಿಕ್ಕೆ ಹೋಗಿದ್ರಿ."

ಮರಗಮ್ಮನ ಕೈಯಿಂದ ಬಟ್ಟೆ ಜಾರಿತು.

ಬೆಳಗ್ಗೆಯ ಡ್ರಮ್ಮಿನಿಂದ ಅವಳು ಬರ್ಗರ್ ತುಂಬಿದ ಕೆಲವು ರಟ್ಟಿನ ಡಬ್ಬಿಗಳನ್ನು ಎತ್ತಿಕೊಂಡಿದ್ದಳು. ಅದಕ್ಕೆ ಮುಂಚೆ ಎಂದೂ ಮುಟ್ಟಿದವಳಲ್ಲ. ಕೆಲವು ಸ್ಟೇಷನ್ ಆಚೆ, ದಿವಾದ ಒಂದೇ ಕೋಣೆಯ ಖೋಲಿಯಲ್ಲಿ ಮೊಮ್ಮಗಳು ಮಲ್ಲಿಕಾ ಬರ್ಗರೇ ಬೇಕೆಂದು ಜೋಳದ ರೊಟ್ಟಿಯನ್ನು ದೂಡಿ ಮುಖ ತಿರುಗಿಸಿ ಮಲಗುತ್ತಿದ್ದಳು. ಸ್ಟೇಷನ್ನಿನ ಗೋಡೆಯ ಮೇಲೆ ಅದೇ ಬರ್ಗರಿನ ಚಿತ್ರ, ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೂ ಅದೇ. ನಿನ್ನಜ್ಜಿ ಅಲ್ಲಿ ಕಕ್ಕಸು ತೊಳೆಯುತ್ತಾಳೆ, ಅದಕ್ಕೇ ನಿನಗೆ ಕೊಡುವುದಿಲ್ಲ ಎಂದು ಜೊತೆಯ ಹುಡುಗಿಯರು ನಕ್ಕಿದ್ದರಂತೆ. ಡಬ್ಬಿಗಳು ಒದ್ದೆಯಾಗಿದ್ದವು. ಐಸ್ ಕರಗಿದ ನೀರಿರಬೇಕು ಎಂದುಕೊಂಡು ಒರೆಸಿ, ಅನ್ನವೆಂದು ಕಣ್ಣಿಗೊತ್ತಿಕೊಂಡು, ಪಾಳಿ ಮುಗಿಸಿ ಹೊರಟಿದ್ದ ನೆರೆಮನೆಯ ಗುರಮ್ಮನ ಚೀಲಕ್ಕೆ ಹಾಕಿ ಕಳಿಸಿದ್ದಳು. ದಿನವಿಡೀ ಫಿನಾಯಿಲಿನಲ್ಲಿ ಅದ್ದಿದ ಕೈ ಅವಳದು. ಬರುವ ವಾಸನೆ ಕೈಯದೋ ಡಬ್ಬಿಯದೋ ಎಂದು ಅವಳ ಮೂಗು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಫೋನ್ ಕೊಡಿ ಎಂದಳು. ಪಾಳಿ ಮುಗಿಯುವವರೆಗೆ ಕೆಲಸದವರ ಫೋನುಗಳೆಲ್ಲ ಕಪಾಟಿನಲ್ಲಿ, ಕೀಲಿ ಸಮಿತ್‌ನ ಬಳಿ. ಅವನು ಸೂರಿನ ಕ್ಯಾಮೆರಾದ ಕಡೆ ಕಣ್ಣು ತೋರಿಸಿ ತಲೆಯಾಡಿಸಿದ. ಮರಗಮ್ಮ ಹತ್ತಿರ ಬಂದು ನಿಂತಳು.

"ನಾ ತಗೊಂಡೀನ್ರಿ ಸರ. ಮುಂಜಾನಿದ್ದು. ಮನಿಗಿ ಕಳಿಸೀನಿ. ಕೂಸು ತಿಂತದ್ರಿ."

ಡ್ರಮ್ಮಿಗೆ ಹಾಕಿದ್ದನ್ನು ಎತ್ತಿದರೂ ಅಲ್ಲಿ ಅದು ಕಳ್ಳತನವೇ. ಅವತ್ತೇ ಕೆಲಸ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಸಮಿತ್ ತನ್ನ ಕೈಯನ್ನೇ ನೋಡಿಕೊಂಡ. ಕಪಾಟಿನ ಬೀಗ ತೆಗೆದು ಅವಳ ಫೋನ್ ಕೊಟ್ಟ.

ಗುರಮ್ಮನ ಫೋನ್ ಬಂದ್ ಆಗಿತ್ತು. ಖೋಲಿಯ ಫೋನ್ ಗಂಟೆ ಬಾರಿಸಿ ಬಾರಿಸಿ ನಿಂತಿತು. ಮರಗಮ್ಮ ಮತ್ತೆ ಒತ್ತಿದಳು. ತುಟಿಯಲ್ಲಿ ಮನೆದೇವರು ಶರಣಬಸಪ್ಪನ ಹೆಸರು. ಕಣ್ಣ ಮುಂದೆ ನೆಲಕ್ಕೆ ಬಿದ್ದು ಹೊಟ್ಟೆ ಹಿಡಿದುಕೊಂಡ ಮಗು. ಮತ್ತೆ ನಿಂತಿತು. ಸಮಿತ್ ತನ್ನ ಫೋನಿನಲ್ಲಿ ದಿವಾದ ಹತ್ತಿರ ಯಾವ ಆಸ್ಪತ್ರೆ ಇದೆಯೆಂದು ಹುಡುಕುತ್ತಿದ್ದ. ತಪ್ಪು ಅಕ್ಷರ ಒತ್ತಿ ಅಳಿಸುತ್ತಿದ್ದ. ಮುಂದೆ ಕೌಂಟರಿನಲ್ಲಿ ಯಾರೋ ಜೋರಾಗಿ ಎರಡು ಚಿಕನ್ ಕೇಳಿದರು.

"ಹಾಂ, ಆಜಿ." ಮಲ್ಲಿಕಾಳ ದನಿಯ ಹಿಂದೆ ಮಕ್ಕಳ ಗದ್ದಲ.

"ತಿಂದಿಯೇನವ್ವಾ?"

"ಅಭೀ ನಹೀ. ಸಬ್ಕೋ ದಿಖಾ ರಹೀ ಹೂಂ."

ಗಲ್ಲಿಯ ಮಕ್ಕಳನ್ನೆಲ್ಲ ಕೂಗಿ ಕರೆದು, ಕಂಪನಿಯ ಹೆಸರು ಕಾಣುವಂತೆ ಡಬ್ಬಿಗಳನ್ನು ಹೊಸ್ತಿಲ ಮೇಲೆ ಜೋಡಿಸಿಟ್ಟಿದ್ದಳಂತೆ. ಎಲ್ಲರೂ ನೋಡಿ ಮುಗಿಸಲಿ, ಆಮೇಲೆ ತೆರೆಯೋಣ ಎಂದು. ಒಂದನ್ನೂ ಬಿಚ್ಚಿರಲಿಲ್ಲ.

"ಗಟಾರಕ್ಕ ಒಗಿ. ಈಗಿಂದೀಗ. ಯಾರಿಗೂ ಮುಟ್ಟಾಕ ಬಿಡಬ್ಯಾಡ." ಯಾಕೆಂದು ಮಗು ಕೇಳಿತು. ಅನ್ನಕ್ಕೆ ಎಂದೂ ಆಡದ ಮಾತು ಅವಳ ಬಾಯಿಂದ ಬಂತು. "ಅದ್ರಾಗ ವಿಷ ಅದ."

ವಿಷವೇ ಎಂದು ಮಗು ಎಲ್ಲರಿಗೂ ಕೇಳುವಂತೆ ಕೂಗಿತು. ಆಮೇಲೆ ಒಂದು ಹುಡುಗಿಯ ನಗು, ಮಲ್ಲಿಕಾಳ ಅಳು. ಡಬ್ಬಿಗಳು ಒಂದೊಂದಾಗಿ ನೀರಿಗೆ ಬಿದ್ದ ಸದ್ದು ಕೇಳುವವರೆಗೆ ಮರಗಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತಳು.

ಸಮಿತ್ ಅವಳ ಫೋನ್ ತೆಗೆದುಕೊಂಡು ಕಪಾಟಿಗೆ ಮತ್ತೆ ಬೀಗ ಹಾಕಿದ. ಯಾರಿಗೂ ಹೇಳುವುದಿಲ್ಲ ಎಂದ. ಕ್ಯಾಮೆರಾ ನೋಡುವವರು ಕೇಳಿದರೆ ಏನಾದರೊಂದು ಹೇಳುತ್ತೇನೆ ಎಂದ. ಅವಳು ಕೈ ಮುಗಿದಳು. ಅವನು ಆ ಕೈಗಳನ್ನು ನೋಡದೆ ಬಾಟಲಿಯನ್ನು ಅವಳ ಪಕ್ಕಕ್ಕೆ ಸರಿಸಿದ.

"ನಾಳೆಯಿಂದ ಇದು ನೀವೇ ಹಾಕಿ ಮೌಶಿ. ನನ್ನಿಂದ ಆಗುದಿಲ್ಲ."

ಒಲ್ಲೆ ಎನ್ನುವ ಜಾಗದಲ್ಲಿ ಅವಳು ಇರಲಿಲ್ಲ.

ಮರುದಿನ ಡ್ರಮ್ಮಿನ ಬರ್ಗರುಗಳಿಂದ ಹಬೆ ಇನ್ನೂ ಏಳುತ್ತಿತ್ತು. ಹಿಂಬಾಗಿಲಿನ ಆಚೆ ಯಾರೋ ಕೆಮ್ಮಿ, ಸದ್ದಾಗದಂತೆ ಕಾಯುತ್ತಿದ್ದರು. ಮರಗಮ್ಮ ಮುಚ್ಚಳ ತೆಗೆದಳು. ಬಾಟಲಿ ಓರೆ ಮಾಡುವ ಮುನ್ನ, ಊರಲ್ಲಿ ಹೆಣದ ಮುಂದೆ ನಿಂತಾಗ ಮಾಡುವಂತೆ, ತಲೆಯ ಮೇಲೆ ಸೆರಗೆಳೆದುಕೊಳ್ಳಲು ಅವಳ ಎಡಗೈ ತಾನಾಗಿ ಭುಜಕ್ಕೆ ಹೋಯಿತು. ಅಲ್ಲಿ ಕಂಪನಿಯ ಟೀ ಶರ್ಟಿನ ಹೊಲಿಗೆ ಮಾತ್ರ ಇತ್ತು.