ಒರೊಂಜೊ ಹುಯ್ದ ನೀರು

ಆ ಬೆಳಿಗ್ಗೆ ಎದುರು ಮನೆಯಿಂದ ಕಾಫಿ ಬರಲಿಲ್ಲ. ಸಾವಾದ ಮನೆಯಲ್ಲಿ ಕಾಫಿ ಕಾಸಬಾರದೆಂದು ಇಷ್ಟು ದಿನ ಇಟಲಿಯ ಲೆಚ್ಚೆ ಊರಿನ ಆ ಓಣಿಯವರು ಸರದಿಯ ಮೇಲೆ ಫ್ಲಾಸ್ಕು ತಂದುಕೊಟ್ಟಿದ್ದರು. ಇನ್ನು ಅತ್ತಿದ್ದು ಸಾಕು, ನಿಮ್ಮ ಕಾಫಿ ನೀವೇ ಮಾಡಿಕೊಳ್ಳಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ಲಾಸ್ಕು ಬರುವುದು ನಿಲ್ಲುತ್ತದೆ, ಅಷ್ಟೇ.

ಅಸ್ಸುಂತಾ ಅಡುಗೆಮನೆಯಲ್ಲಿ ಕಾಫಿ ಯಂತ್ರವನ್ನೇ ನೋಡುತ್ತ ಕುಳಿತಿದ್ದಳು. ಸಾವಿನ ದಿನ ಅವಳ ಗಂಡ ಒರೊಂಜೊ ಅದರ ಟ್ಯಾಂಕಿಗೆ ನೀರು ತುಂಬಿ, ಗುಂಡಿ ಒತ್ತುವ ಮೊದಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಆ ನೀರು ಹಾಗೇ ಇತ್ತು. ಅವನು ತನ್ನ ಕೈಯಾರೆ ಮಾಡಿದ ಕೊನೆಯ ಕೆಲಸ. ಅದನ್ನು ಯಾರೂ ಮುಟ್ಟದಿದ್ದರೆ ಸಾಕಾಗಿತ್ತು ಅವಳಿಗೆ.

"ಏನ್ ಅತ್ತಿಗೆ, ಇನ್ನೂ ಓಣಿಯವರ ದಾರಿ ಕಾಯ್ತಿದ್ದೀರಾ? ಅವರ ಕಾಫಿಯೋ, ಶುದ್ಧ ಕಲಗಚ್ಚು!" ಎನ್ನುತ್ತ ಒರೊಂಜೊನ ತಂಗಿ ದೊನಾತಾ ಬಂದಳು. ಬಂದವಳೇ ಟ್ಯಾಂಕು ಕಳಚಿ ಮೂಸಿದಳು. "ಅಯ್ಯೋ ದೇವರೇ, ಹಳೇ ನೀರು!"

"ದೊನಾತಾ, ಅದು..."

ಅಷ್ಟರಲ್ಲಿ ನೀರು ಸಿಂಕಿನ ಪಾಲಾಗಿತ್ತು. ದೊನಾತಾ ನಲ್ಲಿ ತಿರುಗಿಸಿ ಹೊಸ ನೀರು ತುಂಬಿ, ಯಂತ್ರ ಹಚ್ಚಿದಳು. ಅಸ್ಸುಂತಾ ಸಿಂಕಿನ ತೂತನ್ನೇ ನೋಡಿದಳು. ಚೆಲ್ಲಿದ ನೀರಿಗೆ ಅತ್ತರೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಆಗ ಗಂಡನ ಮಾತು ನೆನಪಾಯಿತು. "ನಾನು ಇವತ್ತು ಹುಯ್ಯೋ ನೀರು ನಿನಗೆ ನಾಳೆ ಕಣೇ. ಇವತ್ತು ಕುಡಿಯೋದು ಬಾಯ್ಲರಿನಲ್ಲಿ ಕೂತಿರೋ ನಿನ್ನೆಯದು. ಹೊಸದು ಒಳಗೆ ಬಂದ್ರೇನೇ ಹಳೇದು ಹೊರಗೆ ಹೋಗೋದು," ಎಂದು ಯಂತ್ರದ ಬೆನ್ನು ತಟ್ಟುತ್ತಿದ್ದ. ಹಾಗಾದರೆ ಆ ಪುಟ್ಟ ಹಿತ್ತಾಳೆಯ ಬಾಯ್ಲರಿನೊಳಗೆ ಇನ್ನೂ ಅವನು ಸಾವಿನ ಹಿಂದಿನ ದಿನ ಹುಯ್ದ ನೀರೇ ಇದೆ! ಒಂದು ಕಪ್ಪಿಗಾದರೂ ಸಾಕು.

"ದೊನಾತಾ, ಮೊದಲನೇ ಕಪ್ಪು ನನಗೆ ಕೊಡ್ತೀಯಾ?" ಅಸ್ಸುಂತಾ ಕೇಳಿದಳು.

"ಕೊಡ್ತೀನಿ, ಕೊಡ್ತೀನಿ. ಮೊದಲು ಇದು ಬಾಯಿ ಮುಕ್ಕಳಿಸಲಿ," ಎಂದು ದೊನಾತಾ ಕಾದ ಯಂತ್ರದ ಉಗಿಯ ತಿರುಪನ್ನು ಪೂರ್ತಿ ತಿರುಗಿಸಿದಳು. ಕೊಳವೆ ಬಿಸಿನೀರು ಉಗುಳಿತು. ಆಮೇಲೆ ಬುಸ್ಸೆಂದು ಉಗಿ ಕಾರತೊಡಗಿತು.

"ನಿಲ್ಲಿಸೇ! ಯಾಕೆ ಹಾಗ್ಮಾಡ್ತೀಯ?"

"ಅಣ್ಣಾನೇ ಹೇಳ್ಕೊಟ್ಟಿದ್ದು ಅತ್ತಿಗೆ. ಸುಮ್ಮನೆ ಕೂತ ಯಂತ್ರದ ನೀರು ವಿಷ, ಒಂದು ಹನಿ ಉಳಿಸಬೇಡ ಅಂತಿದ್ದ."

ಅವನದೇ ಮಾತು. ಉಗಿ ಕ್ಷೀಣಿಸಿ ನಿಂತಿತು. ದೊನಾತಾ ಗುಂಡಿ ಒತ್ತಿದಳು. ಪಂಪು ಗೊರಗುಟ್ಟುತ್ತ ನಲ್ಲಿಯ ನೀರನ್ನು ಒಳಗೆ ಎಳೆದುಕೊಂಡಿತು. ಬಾಯ್ಲರಿನಲ್ಲಿದ್ದ ಹಳೇ ನೀರು ಉಗಿಯಾಗಿ ಹೊರಬಂದು ಅಡುಗೆಮನೆಯೆಲ್ಲ ಮಬ್ಬಾಗಿ, ಕಿಟಕಿಯ ಗಾಜಿನ ಮೇಲೆ ಹನಿಗಳು ಕಟ್ಟಿದ್ದವು.

"ಅಬ್ಬಾ, ಉಸಿರು ಕಟ್ಟುತ್ತೆ," ಎಂದು ದೊನಾತಾ ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

ಒರೊಂಜೊನ ಉಸಿರು ನಿಂತ ದಿನ, ಹೋಗುವ ಜೀವಕ್ಕೆ ದಾರಿ ಬಿಡಬೇಕೆಂದು ಅದೇ ಕಿಟಕಿಯನ್ನು ತೆರೆದವಳು ಅಸ್ಸುಂತಾ. ಈಗ ಅವಳೇ ಎದ್ದು ಬಂದು ನಾದಿನಿಯ ಮಣಿಕಟ್ಟು ಹಿಡಿದುಕೊಂಡಳು.

"ತೆಗೀಬೇಡ ಕಣೇ. ಎರಡನೇ ಸಲ ಕಳಿಸಿಕೊಡೋದು ನನ್ನ ಕೈಲಾಗಲ್ಲ."