ದುಂಡಪ್ಪನ ಉಬ್ಬುಹಲ್ಲು

ನಾಟಕ ಕಂಪನಿಯ ಹಾಸ್ಯನಟ ದುಂಡಪ್ಪ ರಂಗದ ಮೇಲೆ ಬಂದು ಬಾಯಿ ತೆರೆದರೆ ಸಾಕು, ಮಾತಿಗೆ ಮೊದಲೇ ಜನ ನಗುತ್ತಿದ್ದರು. ಅವನ ಹಲ್ಲು ಅಷ್ಟು ಮುಂದಕ್ಕಿದ್ದವು. ಒಮ್ಮೆಯಾದರೂ ನಾಯಕನ ಪಾತ್ರ ಮಾಡಬೇಕೆಂಬ ಹುಚ್ಚಿಗೆ, ನಲವತ್ತು ದಾಟಿದ ಮೇಲೆ ಎರಡು ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ. ಕ್ಲಿಪ್ ತೆಗೆದ ದಿನ ಕನ್ನಡಿಯೊಳಗೆ ನಾಯಕ ಕಾಣಲಿಲ್ಲ, ನೆಟ್ಟಗಿನ ಹಲ್ಲಿನ ದುಂಡಪ್ಪನೇ ಕಂಡ.

"ಹಲ್ಲು ಒಳಗ ಹೋದ್ವು ಖರೆ, ಮಾರಿ ಅದ ಐತಲ್ಲೋ!" ಎಂದಳು ಕಂಪನಿ ಮಾಲಕಿ ಗಂಗವ್ವ.

"ಹಂಗಾದ್ರ ಹಳೇ ಪಾತ್ರನರ ಕೊಡ್ರಿ, ಅಕ್ಕಾರ."

"ಈ ಹಲ್ಲಿಗೆ ಯಾರು ನಗತಾರೋ?"

ದುಂಡಪ್ಪ ಮತ್ತೆ ಕ್ಲಿಪ್ ಹಾಕಿದ್ದ ಹಲ್ಲಿನ ಡಾಕ್ಟರರ ಬಳಿಗೇ ಓಡಿದ. ಚಿಕಿತ್ಸೆಗೆ ಮೊದಲು ತೆಗೆದಿಟ್ಟಿದ್ದ ಅವನ ಹಲ್ಲಿನ ಅಚ್ಚನ್ನು ನೋಡಿ ಅವರು, ಈಗಿನ ಹಲ್ಲಿನ ಮೇಲೆ ಕೂರುವಂತೆ, ಅದೇ ಅಳತೆಯ ಉಬ್ಬುಹಲ್ಲಿನ ಸೆಟ್ಟು ಮಾಡಿಕೊಟ್ಟರು. ಅದನ್ನು ಹಾಕಿಕೊಂಡು ಆಡಿದ ಮೊದಲ ಆಟಕ್ಕೇ ಜನ ಬಿದ್ದು ಬಿದ್ದು ನಕ್ಕರು.

ಆಟ ಮುಗಿದ ಮೇಲೆ, ಇಪ್ಪತ್ತು ವರ್ಷದಿಂದ ಅವನ ಒಂದು ನಾಟಕವನ್ನೂ ತಪ್ಪಿಸದ ಮುದುಕನೊಬ್ಬ ಬಂದು ಬೆನ್ನು ತಟ್ಟಿದ. ದುಂಡಪ್ಪ ನಾಚಿ, ಸೆಟ್ಟನ್ನು ಕಳಚಿ ಅಂಗೈಯಲ್ಲಿಟ್ಟು ತೋರಿಸಿದ.

"ಇವು ಸುಳ್ಳ ಹಲ್ಲು, ಕಾಕಾ."

"ಇರಲಿ ಬಿಡೋ ತಮ್ಮಾ. ಇಷ್ಟ ವರ್ಷ ಹಾಕ್ಕೊಂತಿದ್ದ ಮೊದಲಿನವು ಕಟ್ಟಿಸಿದ್ವು ಅಂತ ದೂರದಿಂದನ ತಿಳೀತಿತ್ತು. ಇವು ನೋಡು, ದೇವರು ಕೊಟ್ಟಂಗ ಅದಾವ!"