ಇಬ್ಬರೂ ಒಬ್ಬರೇ

ಆಸ್ಪತ್ರೆಯಿಂದ ಫೋನು ಬಂದಾಗ ಮೇಷ್ಟ್ರು ಹೆಂಡತಿಗೆ ಒಯ್ಯಲು ಫ್ಲಾಸ್ಕಿಗೆ ಹಾಲು ಸುರಿಯುತ್ತಿದ್ದರು. ಕಾಲಿನ ಗಾಯ ಕೀವಾಗಿದೆ, ಎರಡು ದಿನ ಇಲ್ಲೇ ಇರಲಿ ಎಂದಿದ್ದರು, ಅಷ್ಟೇ. ಇವರು ಹೋಗಿ ಮುಟ್ಟುವಷ್ಟರಲ್ಲಿ ಅವಳ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ಇಂಜೆಕ್ಷನ್ ಒಗ್ಗಲಿಲ್ಲ," ಎಂದರು ಡಾಕ್ಟರು. "ಮುಂಚೆ ಎಷ್ಟೋ ಸಲ ಕೊಟ್ಟಿದ್ದಾರೆ ಅಂತ ಕಂಪ್ಯೂಟರಲ್ಲಿತ್ತು. ಅದಕ್ಕೇ ಮೊದಲು ಸ್ವಲ್ಪ ಚುಚ್ಚಿ ಪರೀಕ್ಷೆ ಮಾಡಲಿಲ್ಲ."

"ಅವಳಿಗೆ ಅದನ್ನ ಯಾರೂ ಯಾವತ್ತೂ ಕೊಟ್ಟಿಲ್ಲ ಡಾಕ್ಟ್ರೇ."

ಕೊಟ್ಟದ್ದು ಪಕ್ಕದ ಬೀದಿಯ ಟೈಲರಮ್ಮನಿಗೆ. ಇವಳದೇ ಹೆಸರು, ಇವಳದೇ ಊರು. ಆಸ್ಪತ್ರೆಗಳ ದಾಖಲೆಗಳನ್ನೆಲ್ಲ ಒಂದಕ್ಕೊಂದು ಹೆಣೆದ ಹೊಸ ವ್ಯವಸ್ಥೆ ಇಬ್ಬರನ್ನೂ ಒಬ್ಬಳೇ ಎಂದು ತೀರ್ಮಾನಿಸಿತ್ತು.

ಅಂದಿನಿಂದ ಮೇಷ್ಟ್ರ ಸಂಜೆಯ ಪ್ರಾರ್ಥನೆ ಬದಲಾಯಿತು. "ದೇವರೇ, ಅವಳ ಸಾವಿಗೆ ಕಾರಣನಾದವನಿಗೆ ಒಂದು ಗಳಿಗೆಯೂ ನೆಮ್ಮದಿ ಕೊಡಬೇಡ. ಅವಳ ಆತ್ಮಕ್ಕೆ ಶಾಂತಿ ಕೊಡು." ಕ್ಷಮಿಸುವ ದೇವರ ಮುಂದೆ ಇಂಥ ಬೇಡಿಕೆ ಸಲ್ಲದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಬೇಡಿದರು.

ಟೈಲರಮ್ಮ ಬಂದು ಬಾಗಿಲಲ್ಲೇ ಕುಸಿದು ಕೂತಳು. "ಒಂದೇ ಬೆಂಚಲ್ಲಿ ಕೂತು ಅಕ್ಷರ ಕಲಿತವರು ನಾವು. ಗಿರಣಿ ಕೆಲಸದವರಿಗೂ ಸಂಜೆ ಶಾಲೆ ಬೇಕು ಅಂದವರು ನೀವೊಬ್ಬರೇ ಮೇಷ್ಟ್ರೇ. ಒಂದು ಕಾಗದಾನೂ ಕೇಳದೆ ಸೇರಿಸ್ಕೊಂಡ್ರಿ. ಅವಳ ಬದಲು ನಾನಾದ್ರೂ ಹೋಗಬಾರದಿತ್ತಾ?"

ಮೇಷ್ಟ್ರು ಅತ್ತ ಮುಖ ತಿರುಗಿಸಿದರು. ಆ ಶಾಲೆಯಲ್ಲೇ ಅವರು ಅವಳನ್ನು ಕಂಡದ್ದು, ಮೆಚ್ಚಿ ಮದುವೆಯಾದದ್ದು. ಪ್ರತಿ ವರ್ಷ ಹುಟ್ಟುಹಬ್ಬದಂದು ಅವಳದು ಒಂದೇ ಮಾತು: "ನಾನು ಹುಟ್ಟಿದ ದಿನಾನೇ ಅಲ್ವೇನ್ರೀ ನಿಮ್ಮನ್ನ ಮೊದಲು ನೋಡಿದ್ದು!"

ಇಬ್ಬರನ್ನೂ ಒಂದು ಮಾಡಿದವನು ಯಾರೆಂದು ಹುಡುಕುವ ಹೊಣೆಯನ್ನು ಮೇಷ್ಟ್ರು ಮಗನಿಗೆ ವಹಿಸಿದರು. ಅವನ ಕಸುಬೂ ಅದೇ, ಮಾಹಿತಿ ಹೆಣೆಯುವುದು. ಮನೆಯ ಕಂಪ್ಯೂಟರಿಗೆ ಊರವರ ಹೆಸರು, ಕಸುಬು, ಹುಟ್ಟಿದ ತಾರೀಖುಗಳನ್ನೆಲ್ಲ ತುಂಬಿ ವರ್ಷಗಟ್ಟಲೆ ಪ್ರಯೋಗ ನಡೆಸಿದ್ದ. "ಎಲ್ಲಾನೂ ಮೂರೇ ಪದ ಅಪ್ಪ. ಅಮ್ಮ, ಹೆಂಡತಿ, ನೀವು, ಅಂದ್ರೆ ಅಮ್ಮ ನಿಮ್ಮ ಹೆಂಡತಿ. ಇಂಥ ಎಳೆಗಳನ್ನ ಹೆಣೆದಿಟ್ರೆ ನಾವು ಹೇಳದೇ ಇದ್ದದ್ದನ್ನೂ ಯಂತ್ರ ತಾನೇ ಊಹಿಸ್ಕೊಳ್ಳುತ್ತೆ."

"ಅದಕ್ಕೆ ಯಂತ್ರ ಯಾಕೋ? ನಿಮ್ಮತ್ತೆ ಸಾಲದಾ?" ಎಂದಿದ್ದರು ಮೇಷ್ಟ್ರು. ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಇನ್ನೂ ಕಿವಿಯಲ್ಲಿತ್ತು. ನಗುತ್ತಲೇ ಅವರೂ ಆ ಯಂತ್ರಕ್ಕೆ ಪ್ರಶ್ನೆ ಕೇಳುವುದನ್ನು ಕಲಿತಿದ್ದರು.

ಈಗ ಮಗ ಊಟದ ತಟ್ಟೆಯ ಮುಂದೆ ಕೂತು, ತುತ್ತು ಮುಟ್ಟದೆ ಏಳತೊಡಗಿದ.

"ಸಿಕ್ಕಿದನೇನೋ?"

"ಸಿಕ್ಕಿದ."

"ಯಾರು?"

ಮಗ ಅವರ ಮುಖವನ್ನೇ ನೋಡಿದ. ಆಮೇಲೆ ನೆಲ ನೋಡಿದ. "ನಾನೇ ಅಪ್ಪ. ಇಬ್ಬರನ್ನ ಒಬ್ಬರು ಮಾಡಿದ ಆ ನಿಯಮ ಬರೆದವನು ನಾನು."

"ಹೆತ್ತ ಹೊಟ್ಟೆಗೇ ಬೆಂಕಿ ಇಟ್ಟೆಯಲ್ಲೋ!" ಮೇಷ್ಟ್ರು ಬಾಗಿಲತ್ತ ಕೈ ತೋರಿಸಿದರು. "ಈ ಹೊಸ್ತಿಲು ಮತ್ತೆ ತುಳೀಬೇಡ."

ಅವನು ಉಟ್ಟ ಬಟ್ಟೆಯಲ್ಲೇ ಹೊರಟುಹೋದ. ಮಗನೆಂದು ಮೇಷ್ಟ್ರು ತಮ್ಮ ಪ್ರಾರ್ಥನೆಯ ಒಂದಕ್ಷರವನ್ನೂ ತಿದ್ದಲಿಲ್ಲ.

ಕೆಲವು ವಾರಗಳಾದ ಮೇಲೆ, ಅವನೊಡನೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಅವನ ಬಟ್ಟೆಬರೆ ಒಯ್ಯಲು ಬಂದ. ಚೀಲ ಕಟ್ಟಿದರೂ ಹೋಗಲಿಲ್ಲ, ಬಾಗಿಲಲ್ಲೇ ನಿಂತ.

"ಅವನ ನಿಯಮ ತಪ್ಪಲ್ಲ ಮೇಷ್ಟ್ರೇ. ಹೆಸರು, ಹುಟ್ಟಿದ ಊರು, ಹುಟ್ಟಿದ ತಾರೀಖು, ಮೂರೂ ಒಂದೇ ಇದ್ರೆ ಒಬ್ಬರೇ ಅಂತ. ಇಷ್ಟು ಚಿಕ್ಕ ಊರಲ್ಲಿ ಇಬ್ಬರಿಗೆ ಅದೆಲ್ಲ ಒಂದೇ ಆಗೋದು ಉಂಟಾ? ನಾನೇ ಬರೆದಿದ್ರೂ ಹಾಗೇ ಬರೀತಿದ್ದೆ."

"ಹಾಗಾದ್ರೆ ತಪ್ಪು ಯಾರದು?"

"ಅವನಿಗೆ ಗೊತ್ತು. ಕೆಲಸ ಕಳ್ಕೊಂಡ, ಬಾಯಿ ಮಾತ್ರ ಬಿಡಲಿಲ್ಲ. ಶಿಕ್ಷೆಗೆ ನಾನೊಬ್ಬ ಸಾಕು ಅಂತಾನೆ."

ಅವನು ಹೋದ ಮೇಲೆ ಮೇಷ್ಟ್ರ ಎದೆಯಲ್ಲಿ ಬಹುದಿನಕ್ಕೆ ಏನೋ ಚಿಗುರಿತು. ಹಾಗಾದರೆ ಮಗ ನಿರಪರಾಧಿ. ಯಾರದೋ ಕಲ್ಲನ್ನು ತಲೆಯ ಮೇಲೆ ಹೊತ್ತಿದ್ದಾನೆ. ಆ ಮಹಾರಾಯ ಯಾರೆಂದು ತಿಳಿದರೆ ಸಾಕು, ಹುಡುಗನನ್ನು ಕೈಹಿಡಿದು ಮನೆಗೆ ಕರೆತರಬಹುದು.

ತಾರೀಖು ಎಲ್ಲಿ ತಪ್ಪಿತೆಂದು ನೋಡಲು ಕನ್ನಡಕ ಒರೆಸಿ ಮಗನ ಯಂತ್ರದ ಮುಂದೆ ಕೂತರು. ಮಗ ಕಲಿಸಿದಂತೆಯೇ ಕೇಳಿದರು: ನನ್ನ ಹೆಂಡತಿ ಹುಟ್ಟಿದ ದಿನವೇ ಈ ಊರಿನಲ್ಲಿ ಹುಟ್ಟಿದವರು ಯಾರು ಯಾರು?

ಟೈಲರಮ್ಮನ ಹೆಸರೊಂದೇ ಬರಬಹುದೆಂದುಕೊಂಡಿದ್ದರು. ಪರದೆ ತುಂಬಿತು. ಟೈಲರಮ್ಮ. ಗಿರಣಿಯ ಕಾವಲುಗಾರ. ಹೂವಿನಂಗಡಿಯವಳು. ಬಸ್ಸಿನ ಡ್ರೈವರು. ಹೆಸರು ಓದುತ್ತಿದ್ದಂತೆ ಅವರವರು ಕೂತಿದ್ದ ಬೆಂಚುಗಳು ಕಣ್ಣಿಗೆ ಕಟ್ಟಿದವು. ಸಂಜೆ ಶಾಲೆ ತೆರೆದ ಮೊದಲ ದಿನ ಅದು. ಹುಟ್ಟಿದ ತಾರೀಖು ಗೊತ್ತಿಲ್ಲ ಎಂದು ನಾಚಿ ನಿಂತವರಿಗೆಲ್ಲ "ಇರಲಿ ಬಿಡ್ರಪ್ಪ, ಇವತ್ತೇ ಹುಟ್ಟಿದ್ರಿ" ಎಂದು ನಕ್ಕು, ಎಲ್ಲರಿಗೂ ವಯಸ್ಸು ಇಪ್ಪತ್ತೆಂದು ಅಂದಾಜು ಕಟ್ಟಿ, ಒಂದೇ ತಾರೀಖಿನ ಶಾಲಾ ಪ್ರಮಾಣಪತ್ರ ಬರೆದುಕೊಟ್ಟಿದ್ದ ಆ ಕೈಯೇ ಈಗ ಕೀಲಿಮಣೆಯ ಮೇಲಿತ್ತು.

ಅಂದು ಸಂಜೆಯೂ ಮೇಷ್ಟ್ರು ಪ್ರಾರ್ಥನೆಯ ಒಂದಕ್ಷರವನ್ನೂ ತಿದ್ದಲಿಲ್ಲ: "ದೇವರೇ, ಅವಳ ಸಾವಿಗೆ ಕಾರಣನಾದವನಿಗೆ ಒಂದು ಗಳಿಗೆಯೂ ನೆಮ್ಮದಿ ಕೊಡಬೇಡ. ಅವಳ ಆತ್ಮಕ್ಕೆ ಶಾಂತಿ ಕೊಡು."